ಜೆಟ್‌ಸ್ಕಿಯ ಚೋಕ್ ಕಿತ್ತು ಪ್ರೈಮರ್ ಕೂರಿಸಿದ್ದು

ಕೇರಳದಲ್ಲಿ ಟ್ರಾಲಿಂಗ್ ಬೋಟುಗಳಿಗೆ ಮಳೆಗಾಲದ ರಜೆ 52 ದಿನ. ಜೂನ್ 9ರ ನಡುರಾತ್ರಿ ಶುರುವಾದರೆ ಜುಲೈ 31ಕ್ಕೆ ಮುಗಿಯುತ್ತದೆ. ನಮ್ಮ ಭಾವನ ಜೆಟ್‌ಸ್ಕಿಗೆ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರಿಗೆ, ರಜೆ ಅದಕ್ಕಿಂತ ಜಾಸ್ತಿ. ಅದಕ್ಕೆ ತಾರೀಕು ಹೇಳುವುದು ಶಿರಿಯ ಹೊಳೆ. ಹೊಳೆ ಕೆಂಪಗೆ ತುಂಬಿ, ತೆಂಗಿನ ಮಡಲು, ಬಾಳೆದಿಂಡು, ಒಮ್ಮೊಮ್ಮೆ ಇಡೀ ಅಡಿಕೆ ಮರವನ್ನೇ ಎಳೆದುಕೊಂಡು ಸಮುದ್ರಕ್ಕೆ ಹೋಗುವಾಗ ಆ ಗಾಡಿಯನ್ನು ಇಳಿಸುವುದು ಹೇಗೆ? ಮೇ ಕೊನೆಗೆ ಟ್ರೈಲರಿನ ಮೇಲೆ ಹತ್ತಿಸಿ, ಟಾರ್ಪಾಲು ಹೊದೆಸಿ ಶೆಡ್ಡಿಗೆ ನೂಕಿದರೆ ಮತ್ತೆ ಹೊರಗೆ ಬರುವುದು ನವರಾತ್ರಿ ಹೊತ್ತಿಗೆ.

ಆಗ ಶುರುವಾಗುತ್ತಿತ್ತು ರಗಳೆ. ಚೋಕ್ ಎಳೆಯುವುದು, ಸೆಲ್ಫ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಇಂಜಿನು ಗರಗರ ತಿರುಗುತ್ತದೆ, ಹಿಡಿಯುವುದಿಲ್ಲ. ಬ್ಯಾಟರಿ ಇಳಿಯುತ್ತದೆ. ಕಾರಿನ ಬ್ಯಾಟರಿಯಿಂದ ವಯರು ಎಳೆದು ಮತ್ತೆ ಅದೇ ಕೆಲಸ. ಕೊನೆಗೆ ಹೇಗೋ ಒಂದು ಸಿಲಿಂಡರು ಹೊಗೆ ಕಾರಿ ಎದ್ದರೆ ಅಂಗಳದಲ್ಲಿ ಎಲ್ಲರಿಗೂ ಸಂತೋಷ, ಸೆಲ್ಫ್ ಮೋಟರಿಗೆ ಮಾತ್ರ ಆಯುಷ್ಯ ಕಡಿಮೆ.

ನಾನು ಬದಿಯಡ್ಕ ಕಡೆ ಕೃಷಿ ಯಂತ್ರಗಳ ರಿಪೇರಿ ಮಾಡುವವನು. ಅಡಿಕೆ ತೋಟದ ಸ್ಪ್ರೇಯರು, ಹುಲ್ಲು ಕತ್ತರಿಸುವ ಮಿಷನ್ನು, ಚೈನ್ ಸಾ, ಇವೇ ನನ್ನ ದಿನದ ಅನ್ನ. ಮಳೆಗಾಲ ಅಂದರೆ ಅಡಿಕೆಗೆ ಬೋರ್ಡೋ ಮದ್ದು ಬಿಡುವ ಸಮಯ, ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಭಾವನ ಗಾಡಿಯ ಸರದಿ ಯಾವತ್ತೂ ಕೊನೆಗೆ. ಈ ಸಲ ಮಾತ್ರ ಅವನು ಬಿಡಲಿಲ್ಲ. "ಪ್ರತಿ ವರ್ಷ ಇದೇ ಹಾಡು ಭಾವ, ಒಂದು ದಾರಿ ಮಾಡು" ಎಂದು ಕೂತ.

ಗಾಡಿ ಹಳೆಯದು. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನು, ಸಿಲಿಂಡರಿಗೆ ಒಂದರಂತೆ ಎರಡು ಮಿಕುನಿ ಕಂಪನಿಯ ಕಾರ್ಬೊರೇಟರು (ಪೆಟ್ರೋಲು ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ). ಆಯಿಲ್ ಪಂಪನ್ನು ಹಿಂದಿನ ಮಾಲೀಕರೇ ತೆಗೆಸಿದ್ದರು. ನಾವು ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುತ್ತೇವೆ, 40:1ರ ಲೆಕ್ಕದಲ್ಲಿ, ಅಂದರೆ ನಲವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಈ ಕೊನೆಯ ಮಾತು ಮುಂದೆ ಬೇಕಾಗುತ್ತದೆ.

ಇದರ ಕಾರ್ಬೊರೇಟರು ಬೈಕಿನದ್ದರ ಹಾಗಲ್ಲ. ಬೈಕಿನದ್ದರಲ್ಲಿ ಕೆಳಗೊಂದು ಬಟ್ಟಲು, ಅದರಲ್ಲಿ ತೇಲುವ ಫ್ಲೋಟು, ಯಾವಾಗಲೂ ಒಂದಿಷ್ಟು ಪೆಟ್ರೋಲು ತುಂಬಿರುತ್ತದೆ. ಜೆಟ್‌ಸ್ಕಿ ಅಲೆಯ ಮೇಲೆ ಹಾರುತ್ತದೆ, ಮಗುಚುತ್ತದೆ. ಅಲ್ಲಿ ಬಟ್ಟಲು ನಡೆಯುವುದಿಲ್ಲ. ಅದಕ್ಕೇ ತೆಳು ಪೊರೆಯ, ಅಂದರೆ ಡಯಾಫ್ರಮ್ಮಿನ ಕಾರ್ಬೊರೇಟರು. ಪೆಟ್ರೋಲು ಎಳೆಯುವ ಪಂಪೂ ಅದರೊಳಗೇ ಇದೆ. ಆ ಪಂಪಿಗೆ ಕರೆಂಟು ಇಲ್ಲ. ಇಂಜಿನು ತಿರುಗುವಾಗ ಕ್ರ್ಯಾಂಕ್‌ಕೇಸಿನಲ್ಲಿ ಗಾಳಿಯ ಒತ್ತಡ ಏರಿ ಇಳಿಯುತ್ತದಲ್ಲ, ಆ ಮಿಡಿತವೇ ಒಂದು ಸಣ್ಣ ಪೈಪಿನಲ್ಲಿ ಬಂದು ಪೊರೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಚಂದದ ಉಪಾಯ. ಆದರೆ ತಿಂಗಳುಗಟ್ಟಲೆ ನಿಂತರೆ ಪೈಪಿನಲ್ಲಿದ್ದ ಪೆಟ್ರೋಲು ಟ್ಯಾಂಕಿಗೆ ಹಿಂದೆ ಇಳಿಯುತ್ತದೆ, ಕಾರ್ಬೊರೇಟರಿನಲ್ಲಿದ್ದದ್ದು ಆರಿಹೋಗುತ್ತದೆ. ಆಮೇಲೆ ಪೆಟ್ರೋಲು ಬರಬೇಕಾದರೆ ಇಂಜಿನು ತಿರುಗಬೇಕು, ಇಂಜಿನು ತಾನಾಗಿ ತಿರುಗಬೇಕಾದರೆ ಪೆಟ್ರೋಲು ಬರಬೇಕು. ನಡುವೆ ಸಿಕ್ಕಿಬಿದ್ದು ಸಾಯುವುದು ಬ್ಯಾಟರಿ.

ಚೋಕ್ ಇಲ್ಲಿ ಮಾಡುವುದಿಷ್ಟೆ: ಕಾರ್ಬೊರೇಟರಿನ ಬಾಯಿಗೆ ಒಂದು ತಗಡಿನ ಬಿಲ್ಲೆ ಅಡ್ಡ ಹಿಡಿಯುತ್ತದೆ. ಗಾಳಿ ಕಡಿಮೆಯಾಗುತ್ತದೆ, ಇಂಜಿನಿನ ಎಳೆತವೆಲ್ಲ ಪೆಟ್ರೋಲಿನ ತೂತಿನ ಮೇಲೆ ಬೀಳುತ್ತದೆ. ಪೆಟ್ರೋಲು ಅಲ್ಲಿಯವರೆಗೆ ಬಂದಿದ್ದರೆ ಒಳ್ಳೆಯ ಕೆಲಸವೇ. ಬರದಿದ್ದರೆ ಚೋಕ್ ಎಳೆದು ಏನು ಮಾಡುವುದು?

ಪ್ರೈಮರ್ ಬೇರೆ ರೀತಿ. ಅದೊಂದು ಸಣ್ಣ ಕೈಪಂಪು. ಗುಬುಟು ಎಳೆದರೆ ಟ್ಯಾಂಕಿನಿಂದ ಪೆಟ್ರೋಲು ಎಳೆಯುತ್ತದೆ, ಒತ್ತಿದರೆ ಕಾರ್ಬೊರೇಟರಿನ ಬಾಯೊಳಗೆ ನೇರ ಚಿಮ್ಮಿಸುತ್ತದೆ. ಒಳಗೆ ಎರಡು ಒನ್‌ವೇ ವಾಲ್ವ್ ಇರುವುದರಿಂದ ಹಿಂದೆ ಹೋಗುವುದಿಲ್ಲ. ಸೆಲ್ಫ್ ಮುಟ್ಟುವ ಮೊದಲೇ ಸಿಲಿಂಡರಿನ ದಾರಿಯಲ್ಲಿ ಪೆಟ್ರೋಲು ಸಿದ್ಧ.

ಈ ಯೋಜನೆ ಹೇಳಿದಾಗ ಕಡವಿನ ಹತ್ತಿರ ಔಟ್‌ಬೋರ್ಡ್ ಇಂಜಿನು ರಿಪೇರಿ ಮಾಡುವ ಇಚ್ಚ ನಕ್ಕರು. ದೋಣಿಯ ಇಂಜಿನುಗಳಲ್ಲಿ ಅವರ ಕೈ ಪಳಗಿದ್ದು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವ ಇಂಜಿನುಗಳನ್ನು ನಿದ್ದೆಯಲ್ಲೂ ಬಿಚ್ಚಿ ಕಟ್ಟುವವರು. "ಅದಕ್ಕೆ ಅಷ್ಟೆಲ್ಲ ಎಂತಕ್ಕೆ? ಪೈಪಿನ ಮಧ್ಯೆ ನಮ್ಮ ಕೈಬಲ್ಬ್ ಹಾಕು. ಎರಡು ಸಲ ಹಿಂಡಿದರೆ ಆಯ್ತಲ್ಲ" ಎಂದರು.

ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ದೋಣಿಯವರೆಲ್ಲ ಹಾಗೇ ಮಾಡುವುದು. ಆದರೆ ದೋಣಿಯ ಇಂಜಿನಿನಲ್ಲಿ ಫ್ಲೋಟಿನ ಬಟ್ಟಲಿದೆ. ಬಲ್ಬ್ ಹಿಂಡಿದರೆ ಬಟ್ಟಲು ತುಂಬುತ್ತದೆ, ಫ್ಲೋಟು ಮೇಲೆದ್ದು ಸೂಜಿ ಬಾಗಿಲು ಹಾಕುತ್ತದೆ, ಬಲ್ಬ್ ಗಟ್ಟಿಯಾಗುತ್ತದೆ. ಡಯಾಫ್ರಮ್ ಕಾರ್ಬೊರೇಟರಿನಲ್ಲಿ ಸೂಜಿಯನ್ನು ಸ್ಪ್ರಿಂಗು ಹಿಡಿದಿರುತ್ತದೆ. ಹಿಂಡಿದ ಪೆಟ್ರೋಲು ಪಂಪಿನ ಕೋಣೆಯನ್ನು ದಾಟಿ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೇ ವಾಪಸು ಹೋಗುತ್ತದೆ. ಪೈಪು ತುಂಬುತ್ತದೆ ಸರಿ, ಬಾಯಿಗೆ ಒಂದು ಹನಿಯೂ ಬರುವುದಿಲ್ಲ. ಮತ್ತೆ ಚೋಕ್ ಬೇಕೇ ಬೇಕು.

ನನ್ನ ಅಂಗಡಿಗೆ ಬರುವವರೂ ಇದೇ ಥರ ಕೇಳಿದ್ದಾರೆ. ಹುಲ್ಲು ಕತ್ತರಿಸುವ ಮಿಷನ್ನಿನ ಕಾರ್ಬೊರೇಟರಿನ ಅಡಿಯಲ್ಲಿ ಪಾರದರ್ಶಕ ಬಲ್ಬ್ ಇರುತ್ತದಲ್ಲ, ಅದೂ ಪ್ರೈಮರೇ ತಾನೇ ಎಂದು. ಹೆಚ್ಚಿನವುಗಳಲ್ಲಿ ಅದು ಪೆಟ್ರೋಲು ಚಿಮ್ಮಿಸುವುದಿಲ್ಲ. ಕಾರ್ಬೊರೇಟರಿನ ಮೂಲಕ ಪೆಟ್ರೋಲು ಎಳೆದು ಒಳಗಿನ ಗಾಳಿಯನ್ನು ಹೊರಗೆ ಹಾಕುತ್ತದೆ, ಹೆಚ್ಚಾದದ್ದು ಟ್ಯಾಂಕಿಗೆ ಹೋಗುತ್ತದೆ. ಅದಕ್ಕೇ ಅದನ್ನು ಎಷ್ಟು ಸಲ ಒತ್ತಿದರೂ ಇಂಜಿನು ಫ್ಲಡ್ ಆಗುವುದಿಲ್ಲ, ಅಂದರೆ ಪೆಟ್ರೋಲು ಹೆಚ್ಚಾಗಿ ಮುಳುಗುವುದಿಲ್ಲ, ಅದಕ್ಕೇ ಆ ಮಿಷನ್ನಿನಲ್ಲಿ ಚೋಕೂ ಇರುತ್ತದೆ. ಜೆಟ್‌ಸ್ಕಿಯ ಪ್ರೈಮರ್ ಹಾಗಲ್ಲ. ಒತ್ತಿದಷ್ಟೂ ಒಳಗೆ ಹೋಗುತ್ತದೆ. ಲೆಕ್ಕ ತಪ್ಪಿ ಒತ್ತಿದರೆ ಅನುಭವಿಸಬೇಕು.

ಕಿಟ್ ತರಿಸುವ ಮೊದಲು ನಾನು ಭಾವನಿಗೆ ಒಂದು ಷರತ್ತು ಹಾಕಿದೆ. ಮೊದಲು ಇಂಜಿನಿನ ಆರೋಗ್ಯ ನೋಡುತ್ತೇನೆ, ಆಮೇಲೆ ಪ್ರೈಮರ್. ಕಾರ್ಬೊರೇಟರಿನ ಪೊರೆ ಗಟ್ಟಿಯಾಗಿ, ಜಾಲರಿ ಕಟ್ಟಿ, ಕಂಪ್ರೆಶನ್ ಬಿದ್ದಿರುವ ಇಂಜಿನಿಗೆ ಪ್ರೈಮರ್ ಹಾಕಿದರೆ ಅದೂ ಸ್ಟಾರ್ಟ್ ಆಗುತ್ತದೆ. ಅದೇ ಅಪಾಯ. ಕೈಯಿಂದ ಕುಡಿಸಿದ ಪೆಟ್ರೋಲಿನಲ್ಲಿ ಎದ್ದು, ನಡುಹೊಳೆಯಲ್ಲಿ ಪೆಟ್ರೋಲು ಸಾಲದೆ ಪಿಸ್ಟನ್ ಸುಟ್ಟುಕೊಳ್ಳುತ್ತದೆ. ನಿಂತು ನಿಂತು ಒಣಗಿದ ಗಾಡಿಗೆ ಪ್ರೈಮರ್ ಸರಿ. ಕಾಯಿಲೆ ಬಿದ್ದ ಗಾಡಿಗೆ ಅದು ಮದ್ದಲ್ಲ.

ಎರಡೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರು ಪೂರ್ತಿ ತೆರೆದು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಗೇಜ್ ಹಾಕಿದೆ. ಎರಡು ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇಲ್ಲಿ ಮುಳ್ಳು ಹತ್ತಿರ ಹತ್ತಿರವೇ ನಿಂತಿತು. ಪೆಟ್ರೋಲಿನ ಪೈಪುಗಳ ಸ್ಥಿತಿ ಮಾತ್ರ ಕೇಳಬೇಡಿ. ಹಳೆಯ ಬೂದು ಬಣ್ಣದ ಪೈಪು. ಕತ್ತರಿಸಿ ನೋಡಿದರೆ ಒಳಗೋಡೆಯಲ್ಲಿ ಹಸಿರು ಅಂಟು. ತೊಂಬತ್ತರ ದಶಕದ ಎಷ್ಟೋ ಜೆಟ್‌ಸ್ಕಿಗಳಲ್ಲಿ ಇದೇ ರೋಗ. ಪೈಪು ಒಳಗಿಂದ ಕರಗುತ್ತಾ ಹೋಗಿ, ಆ ಅಂಟು ಕಾರ್ಬೊರೇಟರಿನೊಳಗಿನ ಪುಟ್ಟ ಜಾಲರಿಯನ್ನು ಕಟ್ಟುತ್ತದೆ. ಎಲ್ಲ ಪೈಪು ಕಿತ್ತು ಎಸೆದೆ. ಪೆಟ್ರೋಲಿಗೆಂದೇ ಮಾಡಿದ ಕರಿಯ ರಬ್ಬರ್ ಪೈಪು ಮಂಗಳೂರು ಬಂದರಿನ ಅಂಗಡಿಯಿಂದ ತಂದೆ. ಕಾರ್ಬೊರೇಟರು ಬಿಚ್ಚಿ ಪೊರೆ, ಸೂಜಿ, ಗ್ಯಾಸ್ಕೆಟ್ ಎಲ್ಲ ಹೊಸದು. ಅರ್ಧ ಗುಣವಾದದ್ದು ಇಲ್ಲೇ ಇರಬೇಕು. ಭಾವನೂ ಅದನ್ನೇ ಹೇಳಿದ, "ಇನ್ನು ಪ್ರೈಮರ್ ಬೇಕಾ?" ಎಂದು. ಬೇಕಿತ್ತು. ಹೊಸ ಪೊರೆ ಹಾಕಿದರೂ ನಾಲ್ಕು ತಿಂಗಳು ನಿಂತ ಪೈಪು ಖಾಲಿಯಾಗಿಯೇ ಇರುತ್ತದೆ ಅಲ್ವಾ?

ಕಿಟ್ ವಿದೇಶದಿಂದ ಬಂತು. ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಪಂಪು, ಎರಡು ಹಿತ್ತಾಳೆ ನಾಝಲ್, ಎರಡು ಟೀ (ಒಂದು ಪೈಪನ್ನು ಎರಡಾಗಿ ಕವಲೊಡೆಸುವ ತುಂಡು), ಒಂದಿಷ್ಟು ಸಪೂರ ಪೈಪು. ಸಾಗಾಟ, ಸುಂಕ ಎಲ್ಲ ನೋಡಿದರೆ ವಸ್ತುವಿಗಿಂತ ದಾರಿ ಖರ್ಚೇ ಭಾರ. ಪಂಪು ಬಿಟ್ಟರೆ ಉಳಿದದ್ದನ್ನು ಇಲ್ಲೇ ಹೊಂದಿಸಬಹುದು. ಆದರೆ ಒಂದು ಎಚ್ಚರ. ನಮ್ಮಲ್ಲಿ ಸಪೂರ ಪೈಪು ಅಂದ ಕೂಡಲೇ ಡ್ರಿಪ್ಪಿನ ಪೈಪು, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ನೆನಪಾಗುತ್ತದೆ. ಪೆಟ್ರೋಲಿಗೆ ಅದು ಬೇಡ. ಸ್ವಲ್ಪ ದಿನದಲ್ಲೇ ಹಳದಿಯಾಗಿ, ಗಟ್ಟಿಯಾಗಿ, ಬೆರಳಲ್ಲಿ ಮುರಿದರೆ ಪಟ್ಟನೆ ಒಡೆಯುತ್ತದೆ. ಒಡೆಯುವುದು ಮುಚ್ಚಿದ ಗಾಡಿಯ ಹೊಟ್ಟೆಯೊಳಗೆ, ಬ್ಯಾಟರಿಯ ಪಕ್ಕ.

ಚೋಕ್ ತೆಗೆಯುವುದನ್ನು ನಿಧಾನಕ್ಕೆ ಹೇಳುತ್ತೇನೆ. ಕೈ ಜಾಸ್ತಿ ಬೇಕಾದದ್ದು ಅಲ್ಲಿ.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆ. ಸೀಟು ತೆಗೆದು ಒಂದಷ್ಟು ಹೊತ್ತು ಹಾಗೇ ಬಿಟ್ಟೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಆಮೇಲೆ ಫ್ಲೇಮ್ ಅರೆಸ್ಟರ್, ಅಂದರೆ ಗಾಳಿ ಒಳಗೆ ಹೋಗುವ ಬಾಯಿಗೆ ಕೂರಿಸಿದ ಲೋಹದ ಜಾಲರಿ ಡಬ್ಬಿ, ಅದು ಹೊರಗೆ. ಎರಡೂ ಕಾರ್ಬೊರೇಟರು ಕಳಚಿ ಮೇಜಿಗೆ ತಂದೆ. ಇಂಜಿನಿನ ತೆರೆದ ಬಾಯಿಗೆ ಒಗೆದ ಬಟ್ಟೆ ತುರುಕಿ ಟೇಪು ಸುತ್ತಿದೆ. ಕಾರ್ಬೊರೇಟರನ್ನು ಗಾಡಿಯಲ್ಲೇ ಬಿಟ್ಟು ಡ್ರಿಲ್ ಮಾಡುವವರೂ ಇದ್ದಾರೆ. ನನಗೆ ಆ ಧೈರ್ಯ ಬೇಡ. ಅಲ್ಯೂಮಿನಿಯಂ ಪುಡಿ ಒಂದು ಚಿಟಿಕೆ ಒಳಗೆ ಬಿದ್ದರೂ ಬೇರಿಂಗಿನ ಕಥೆ ಮುಗಿಯಿತು.

ಚೋಕಿನ ಬಿಲ್ಲೆಯನ್ನು ಅದರ ಕಂಬಿಗೆ ಹಿಡಿದಿರುವುದು ಪುಟ್ಟ ಸ್ಕ್ರೂಗಳು. ಸಡಿಲವಾಗಿ ಇಂಜಿನಿನೊಳಗೆ ಬೀಳಬಾರದೆಂದು ಫ್ಯಾಕ್ಟರಿಯಲ್ಲೇ ಅವುಗಳ ತುದಿಯನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ. ನೇರ ಸ್ಕ್ರೂಡ್ರೈವರು ಹಾಕಿ ತಿರುಗಿಸಿದರೆ ತಲೆ ಕಿತ್ತು ಬರುತ್ತದೆ, ದೇಹ ಅಲ್ಲೇ ಉಳಿಯುತ್ತದೆ. ಹಾಗಾಗಿ ಚಪ್ಪಟೆ ತುದಿಯನ್ನು ಸಣ್ಣ ಅರದಿಂದ ಉಜ್ಜಿ ಸಮ ಮಾಡಿ, ಸ್ಕ್ರೂಗೆ ತಕ್ಕ ಮುಖದ ಡ್ರೈವರು ಒತ್ತಿ ಹಿಡಿದು ಬಿಚ್ಚಿದೆ. ಬಿಲ್ಲೆ ಹೊರಗೆ ಬಂತು. ಕಂಬಿ ಎಳೆಯುವಾಗ ಮೇಲೆ ಒಂದು ಬಟ್ಟೆ ಹಿಡಿದುಕೊಳ್ಳಿ. ಚೋಕ್ ತೆರೆದ ಜಾಗದಲ್ಲೇ ನಿಲ್ಲಲೆಂದು ಒಳಗೆ ಒಂದು ಸ್ಪ್ರಿಂಗು, ಅದರ ಮೇಲೊಂದು ಗುಂಡು ಇರುತ್ತದೆ. ಕಂಬಿ ಸರಿದದ್ದೇ ಅದು ಹಾರುತ್ತದೆ. ಮತ್ತೆ ಅದು ಬೇಕಾಗುವುದಿಲ್ಲ ನಿಜ, ಆದರೆ ಎಲ್ಲಿ ಹಾರಿತು ಎಂಬುದು ಗೊತ್ತಿರಬೇಕು.

ಈಗ ಪ್ರತಿ ಕಾರ್ಬೊರೇಟರಿನಲ್ಲಿ ಎದುರು ಬದುರು ಎರಡು ತೂತು. ಒಂದನ್ನು ನಾಝಲಿಗೆ ಇಟ್ಟುಕೊಂಡೆ. ಇನ್ನೊಂದನ್ನು ಮುಚ್ಚಬೇಕು.

"ಥ್ರಾಟಲ್ ಬಿಲ್ಲೆಗಿಂತ ಹೊರಗಿರುವ ತೂತು ಅಲ್ವಾ, ಗಾಳಿ ಹೋದರೆ ಹೋಗಲಿ" ಎಂದು ನನ್ನ ಅಂಗಡಿಯ ಹುಡುಗನೇ ಕೇಳಿದ. ಥ್ರಾಟಲ್ ಬಿಲ್ಲೆ ಅಂದರೆ ಆಕ್ಸಿಲರೇಟರು ಹಿಡಿದಾಗ ತೆರೆಯುವ ಬಿಲ್ಲೆ. ಮಿಶ್ರಣದ ಮಟ್ಟಿಗೆ ಅದು ದೊಡ್ಡ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಫ್ಲೇಮ್ ಅರೆಸ್ಟರ್ ಇರುವುದು ಯಾಕೆ? ಇಂಜಿನು ಹಿಮ್ಮುಖವಾಗಿ ಸಿಡಿದರೆ ಬೆಂಕಿ ಆ ಜಾಲರಿಯಲ್ಲಿ ತಣ್ಣಗಾಗಲಿ, ಗಾಡಿಯ ಹೊಟ್ಟೆಗೆ ಬರದಿರಲಿ ಎಂದು. ಆ ಜಾಲರಿಯ ಈಚೆ ಒಂದು ತೂತು ತೆರೆದಿಟ್ಟರೆ ಬೆಂಕಿಗೆ ಕಿಟಕಿ ಮಾಡಿಕೊಟ್ಟ ಹಾಗೆ. ಜೊತೆಗೆ ಮರಳು, ಉಪ್ಪುನೀರು ಸೋಸದೆ ಒಳಗೆ ಹೋಗುತ್ತದೆ. ಕಾಸರಗೋಡಿನ ಲೇತಿನವರ ಹತ್ತಿರ ಅಲ್ಯೂಮಿನಿಯಂ ಬಿರಡೆ ಮಾಡಿಸಿದೆ. ಹೊರಬದಿಯಲ್ಲಿ ತಲೆ ಅಗಲ, ಮೊಳೆಯ ಥರ. ಅಂಟು ಬಿಟ್ಟರೂ ಒಳಗೆ ಎಳೆದುಕೊಳ್ಳಲು ಸಾಧ್ಯವಿಲ್ಲ. ಪೆಟ್ರೋಲು ತಡೆಯುವ ಸೀಲೆಂಟ್ ಹಚ್ಚಿ ಕೂರಿಸಿದೆ.

ನಾಝಲ್ ಬದಿಯ ತೂತಿಗೆ ಅಳತೆ ನೋಡಿ ಡ್ರಿಲ್ ಮಾಡಿ, ಸ್ಕ್ರೂವಿನ ಗೀರು ಕೊರೆಯುವ ಟ್ಯಾಪ್ ಹಾಕಿದೆ. ಟ್ಯಾಪಿಗೆ ಗ್ರೀಸು ಮೆತ್ತಿದರೆ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಅವಸರ ಇಲ್ಲ. ಇಲ್ಲಿ ಟೆಫ್ಲಾನ್ ಟೇಪು ಸುತ್ತುವ ಅಭ್ಯಾಸ ಬಿಡಿ. ಅದರ ಎಳೆ ಒಂದು ಬಿಟ್ಟುಕೊಂಡು ಕಾರ್ಬೊರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲು ಬರುವ ಪುಟ್ಟ ತೂತಿನಲ್ಲಿ ಕೂತರೆ ಹುಡುಕಿ ಹುಡುಕಿ ಸಾಕಾಗುತ್ತದೆ. ನಾಝಲ್ ಎಷ್ಟು ಒಳಗೆ ಬರಬೇಕು ಎಂಬುದಕ್ಕೆ ಎರಡು ಅಳತೆ ಇಟ್ಟುಕೊಂಡೆ. ಥ್ರಾಟಲ್ ಬಿಲ್ಲೆ ಪೂರ್ತಿ ತೆರೆದಾಗ ಅದಕ್ಕೆ ತಗಲಬಾರದು. ಹಾಗೆಂದು ಗೋಡೆಯೊಳಗೇ ಅಡಗಿಯೂ ಇರಬಾರದು. ಅಡಗಿದ್ದರೆ ಪೆಟ್ರೋಲು ಚಿಮ್ಮುವ ಬದಲು ಗೋಡೆಗುಂಟ ಇಳಿಯುತ್ತದೆ. ಬಾಯಿಯ ನಡುವಿಗೆ ಗುರಿಯಿಡಬೇಕು.

ಎಲ್ಲ ಆದ ಮೇಲೆ ಪೆಟ್ರೋಲಿನಲ್ಲಿ ತೊಳೆದು, ಕಂಪ್ರೆಸರಿನ ಗಾಳಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಮತ್ತೆ ತೊಳೆದೆ. ಇಷ್ಟು ಶುಚಿ ನಾನು ಸ್ಪ್ರೇಯರಿಗೆ ಯಾವತ್ತೂ ಮಾಡಿದ್ದಿಲ್ಲ.

ಪ್ರೈಮರಿಗೆ ಪೆಟ್ರೋಲು ಎಲ್ಲಿಂದ ಕೊಡುವುದು ಎಂಬಲ್ಲಿ ಇಚ್ಚನಿಗೂ ನನಗೂ ಚರ್ಚೆಯೇ ಆಯಿತು. ಮೂರು ದಾರಿ ಇತ್ತು. ರಿಟರ್ನ್ ಪೈಪಿಗೆ ಟೀ ಹಾಕಬಹುದು, ಅಲ್ಲಿ ಗಾಳಿ ಸೋರಿದರೂ ಇಂಜಿನಿಗೆ ಹಾನಿಯಿಲ್ಲ. ಆದರೆ ನಮ್ಮ ಗಾಡಿಯಲ್ಲಿ ರಿಟರ್ನ್ ಪೈಪಿನ ತುದಿ ಟ್ಯಾಂಕಿನ ಮೇಲ್ಭಾಗದಲ್ಲೇ ನಿಂತಿದೆ, ಪೆಟ್ರೋಲಿಗೆ ಮುಳುಗಿಲ್ಲ. ನಿಂತ ಗಾಡಿಯಲ್ಲಿ ಅಲ್ಲಿಂದ ಎಳೆದರೆ ಬರುವುದು ಬರೀ ಗಾಳಿ. ಮುಖ್ಯ ಪೈಪಿಗೆ, ಫಿಲ್ಟರ್ ದಾಟಿದ ಮೇಲೆ ಟೀ ಹಾಕಿದರೆ ಶುದ್ಧ ಪೆಟ್ರೋಲು ಸಿಗುತ್ತದೆ. ಆದರೆ ಆ ಟೀ ಎಲ್ಲಾದರೂ ಕೂದಲೆಳೆಯಷ್ಟು ಸಡಿಲವಾದರೆ ಇಂಜಿನಿನ ಪಂಪು ಪೆಟ್ರೋಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿಯುತ್ತದೆ. ಮೂರನೆಯದು ರಿಸರ್ವ್ ಪೈಪು. ಕಾಕು, ಅಂದರೆ ಪೆಟ್ರೋಲು ಬಿಡುವ ಬಂದ್ ಮಾಡುವ ತಿರುಗಣೆ, ಆನ್‌ನಲ್ಲಿರುವಾಗ ರಿಸರ್ವ್ ಪೈಪಿಗೆ ಕೆಲಸವಿಲ್ಲ. ಅಲ್ಲಿ ಸೋರಿಕೆಯಾದರೂ ಓಡುವ ಇಂಜಿನಿಗೆ ಗೊತ್ತೇ ಆಗುವುದಿಲ್ಲ.

ಇಚ್ಚ ರಿಸರ್ವಿಗೆ ಒಪ್ಪಲಿಲ್ಲ. "ರಿಸರ್ವ್ ಪೈಪು ಟ್ಯಾಂಕಿನ ಅಡಿಗೆ ಮುಟ್ಟಿರ್ತದೆ. ಮಳೆಗಾಲದ ನೀರೆಲ್ಲ ಅಲ್ಲಿಯೇ ಉಂಟು. ಮೊದಲನೇ ಎಳೆತಕ್ಕೆ ನೀರು ಕುಡಿಸ್ತೀಯಾ?" ಅವರು ಹೇಳುವುದು ಸರಿಯೇ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್. ಅದು ನಮ್ಮ ಕಡಲಬದಿಯ ತೇವವನ್ನು ಹೀರಿಕೊಳ್ಳುತ್ತದೆ. ಹೆಚ್ಚಾದರೆ ನೀರೂ ಎಥೆನಾಲೂ ಒಟ್ಟಾಗಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕೊನೆಗೆ ನಾನು ರಿಸರ್ವ್ ಪೈಪನ್ನೇ ಆರಿಸಿದೆ, ಆದರೆ ಪ್ರೈಮರಿಗೆ ಹೋಗುವ ಸಪೂರ ಪೈಪಿನಲ್ಲಿ ಇನ್ನೊಂದು ಪುಟ್ಟ ಫಿಲ್ಟರ್ ಕೂರಿಸಿ. ಒಳಗೆ ಕಾಣುವಂಥದ್ದು, ಸೀಟು ಎತ್ತಿದರೆ ಎದುರಿಗೇ ಇರುವ ಹಾಗೆ. ಜೊತೆಗೆ ಮೇ ತಿಂಗಳಲ್ಲೇ ಟ್ಯಾಂಕು ಖಾಲಿ ಮಾಡಿ ಇಡುವುದೆಂದು ಭಾವನ ಹತ್ತಿರ ಮಾತು ತೆಗೆದುಕೊಂಡೆ. ಪಿಸ್ಟನ್ ಸುಡುವುದಕ್ಕಿಂತ ಫಿಲ್ಟರ್ ತೊಳೆಯುವುದು ಅಗ್ಗ. ಇಚ್ಚನಿಗೆ ಇದು ಇನ್ನೂ ಪೂರ್ತಿ ಹಿಡಿಸಿಲ್ಲ.

ಪಂಪು ಕೂರಿಸಲು ಹೊಸ ತೂತು ಬೇಕಾಗಲಿಲ್ಲ. ಚೋಕಿನ ಗುಬುಟು ಇದ್ದ ಜಾಗವೇ ಸಿಕ್ಕಿತು, ದುಂಡು ಅರದಿಂದ ಸ್ವಲ್ಪ ಅಗಲ ಮಾಡಿದರೆ ಸಾಕಾಯಿತು. ಪಂಪಿನಿಂದ ಹೊರಟ ಪೈಪು ಕಾರ್ಬೊರೇಟರುಗಳ ಹತ್ತಿರ ಟೀಯಲ್ಲಿ ಎರಡಾಗುತ್ತದೆ. ಟೀಯಿಂದ ಮುಂದೆ ಎರಡೂ ತುಂಡು ಒಂದೇ ಉದ್ದ ಇರಲಿ. ಒಂದು ಗಿಡ್ಡ, ಒಂದು ಉದ್ದ ಆದರೆ ಹತ್ತಿರದ ಸಿಲಿಂಡರು ಕುಡಿದು ಮುಳುಗುತ್ತದೆ, ದೂರದ್ದಕ್ಕೆ ಏನೂ ಸಿಗುವುದಿಲ್ಲ. ಪ್ರತಿ ಜೋಡಣೆಗೂ ಕ್ಲಿಪ್ಪು. ಎಕ್ಸಾಸ್ಟಿನಿಂದ ದೂರ, ಎಲ್ಲೂ ಮಡಚದ ಹಾಗೆ ದಾರಿ ಮಾಡಿ ಟೈ ಹಾಕಿ ಕಟ್ಟಿದೆ.

ಫ್ಲೇಮ್ ಅರೆಸ್ಟರ್ ಕೂರಿಸುವ ಮೊದಲು ಪರೀಕ್ಷೆ. ಭಾವ ಗುಬುಟು ಎಳೆದು ಒತ್ತುವುದು, ನಾನು ಟಾರ್ಚು ಹಿಡಿದು ಕಾರ್ಬೊರೇಟರಿನ ಬಾಯಿ ನೋಡುವುದು. ಮೊದಲು ಬರೀ ಗಾಳಿ, ಆಮೇಲೆ ಬುಸ್ ಬುಸ್, ಆಮೇಲೆ ಎರಡೂ ಕಡೆ ತೆಳ್ಳಗಿನ ಧಾರೆ. ಎರಡೂ ಸಮ. ಭಾವ ಖುಷಿಯಲ್ಲಿ ಇನ್ನೊಮ್ಮೆ ಎಳೆಯಲು ಹೊರಟ. "ಸಾಕು ಮಾರಾಯ, ಅದೆಲ್ಲ ಒಳಗೇ ಹೋಗ್ತಾ ಇದೆ" ಎಂದು ತಡೆದೆ. ಎಲ್ಲ ಜೋಡಣೆಗಳನ್ನೂ ಬಿಳಿ ಕಾಗದದಲ್ಲಿ ಒರೆಸಿ ನೋಡಿದೆ, ಎಲ್ಲೂ ಕಲೆ ಬೀಳಲಿಲ್ಲ.

ಮತ್ತೆ ಸೀಟು ತೆರೆದಿಟ್ಟು ಆವಿ ಹೋಗಲು ಬಿಟ್ಟೆವು. ಪೆಟ್ರೋಲು ಚೆಲ್ಲಿದ ಮೇಲೆ ಕೂಡಲೇ ಸೆಲ್ಫ್ ಒತ್ತಬಾರದು. ಆವಿ ಪೂರ್ತಿ ಹೋದ ಮೇಲೆ ಬ್ಯಾಟರಿ ಜೋಡಿಸಿ, ಪ್ರೈಮರಿಗೆ ಸಣ್ಣದೊಂದು ಒತ್ತು ಕೊಟ್ಟು, ಆಕ್ಸಿಲರೇಟರು ಸ್ವಲ್ಪವೇ ಹಿಡಿದು ಸೆಲ್ಫ್ ಮುಟ್ಟಿದ್ದು. ಗರ್ ಎನ್ನುವಷ್ಟರಲ್ಲಿ ಹಿಡಿಯಿತು. ನೀಲಿ ಹೊಗೆ, ತೆಂಗಿನ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು.

ಟ್ರೈಲರಿನ ಮೇಲೆ ಓಡಿಸುವಾಗ ನೀರಿನ ಕ್ರಮ ತಪ್ಪಬಾರದು. ಮೊದಲು ಇಂಜಿನು, ಆಮೇಲೆ ನಳ್ಳಿ ತೆರೆಯುವುದು. ನಿಲ್ಲಿಸುವಾಗ ಮೊದಲು ನಳ್ಳಿ, ಆಮೇಲೆ ಇಂಜಿನು. ಉಲ್ಟಾ ಮಾಡಿದರೆ ನಿಂತ ಇಂಜಿನಿನ ಎಕ್ಸಾಸ್ಟಿನಲ್ಲಿ ನೀರು ತುಂಬಿ ಸಿಲಿಂಡರಿಗೆ ನುಗ್ಗುತ್ತದೆ. ನೀರಿಲ್ಲದೆ 15-20 ಸೆಕೆಂಡಿಗಿಂತ ಹೆಚ್ಚು ಓಡಿಸುವುದೂ ಬೇಡ.

ಆರಿಕ್ಕಾಡಿ ಕಡೆಯ ಹೊಳೆಯಲ್ಲಿ, ನೀರು ಸ್ವಲ್ಪ ಅಗಲವಾಗಿ ನಿಂತಿರುವಲ್ಲಿ ಗಾಡಿ ಇಳಿಸಿದೆವು. ಚೋಕಿನ ಬಿಲ್ಲೆ ತೆರೆದಿರುವಾಗಲೂ ಗಾಳಿಯ ದಾರಿಯಲ್ಲಿ ಅಡ್ಡ ನಿಂತಿರುತ್ತದೆ. ಅದು ಹೋದರೆ ಗಾಳಿ ಒಂದಿಷ್ಟು ಜಾಸ್ತಿ ಬರುತ್ತದೆ. ಸ್ಪೀಡು ಹೆಚ್ಚುತ್ತದೆ ಎಂದು ಇದನ್ನು ಮಾರುವವರೂ ಇದ್ದಾರೆ. ನನಗಂತೂ ಕೈಗೆ ತಿಳಿಯುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಮಿಶ್ರಣ ತೆಳುವಾಯಿತಾ ಎಂದು ನೋಡಲೇಬೇಕು. ಪೂರ್ತಿ ಆಕ್ಸಿಲರೇಟರಿನಲ್ಲಿ ಒಂದು ಓಟ ಓಡಿಸಿ, ಹಾಗೇ ಲ್ಯಾನ್ಯಾರ್ಡ್, ಅಂದರೆ ಎಳೆದರೆ ಇಂಜಿನು ಬಂದ್ ಆಗುವ ದಾರ, ಎಳೆದು ಇಂಜಿನು ನಿಲ್ಲಿಸಿ, ದಡಕ್ಕೆ ತಂದು ಪ್ಲಗ್ ಬಿಚ್ಚಿದೆ. ಕಾಫಿ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಕಪ್ಪಗೆ ಒದ್ದೆಯಾಗಿದ್ದರೆ ಜಾಸ್ತಿ. ಹಿಂದಿನ ಸಿಲಿಂಡರಿನದ್ದು ಸ್ವಲ್ಪ ಬಿಳಿಚಿತ್ತು. ಜೋರು ಓಟಕ್ಕೆ ಪೆಟ್ರೋಲಿನ ಪ್ರಮಾಣ ಹೊಂದಿಸುವ ಹೈ ಸ್ಪೀಡ್ ಸ್ಕ್ರೂ ಎರಡರಲ್ಲೂ ಎಂಟರಲ್ಲೊಂದು ಸುತ್ತು ಹೊರಕ್ಕೆ ತಿರುಗಿಸಿ ಮತ್ತೆ ಓಡಿಸಿದಾಗ ಬಣ್ಣ ಬಂತು.

ಈಗ ಭಾವನಿಗೆ ಅಭ್ಯಾಸ ಬದಲಿಸುವುದೇ ದೊಡ್ಡ ಕೆಲಸ. ಬಹಳ ದಿನ ನಿಂತಿದ್ದರೆ ಮೂರು ನಾಲ್ಕು ಒತ್ತು. ಬೆಳಿಗ್ಗೆ ಓಡಿಸಿ ಮಧ್ಯಾಹ್ನ ಮತ್ತೆ ತೆಗೆದರೆ ಪ್ರೈಮರ್ ಮುಟ್ಟುವುದೇ ಬೇಡ. ಒತ್ತಿದ ಮೇಲೆ ಗುಬುಟು ಪೂರ್ತಿ ಒಳಗೆ ಕೂತಿದೆಯಾ ಎಂದು ನೋಡಬೇಕು. ಬಿಸಿಲಲ್ಲಿ ನಿಂತ ಗಾಡಿಯ ಟ್ಯಾಂಕಿನಲ್ಲಿ ಒತ್ತಡ ಕಟ್ಟುತ್ತದೆ. ಮುಚ್ಚಳ ಒಮ್ಮೆ ಸಡಿಲಿಸಿ ಉಸ್ ಎನ್ನಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಆ ಒತ್ತಡವೇ ಪೆಟ್ರೋಲನ್ನು ಪ್ರೈಮರ್ ದಾಟಿಸಿ ಕಾರ್ಬೊರೇಟರಿಗೆ ತಳ್ಳಬಹುದು.

ಮನೆಗೆ ಬಂದ ಅಳಿಯಂದಿರು ಒಮ್ಮೆ ಆಟದ ಸಾಮಾನಿನ ಹಾಗೆ ಗುಬುಟು ಎಳೆದೆಳೆದು ಒತ್ತಿ ಇಂಜಿನು ಮುಳುಗಿಸಿಬಿಟ್ಟರು. ಆಗ ಮಾಡುವುದು ಹೀಗೆ: ಪ್ಲಗ್ ಎರಡೂ ಬಿಚ್ಚಿ, ಪ್ಲಗ್ ವಯರುಗಳನ್ನು ಅರ್ಥಿಗೆ, ಅಂದರೆ ಇಂಜಿನಿನ ಲೋಹಕ್ಕೆ ಕಚ್ಚಿಸಿ, ಆಕ್ಸಿಲರೇಟರು ಪೂರ್ತಿ ಹಿಡಿದು ಸೆಲ್ಫ್ ಒತ್ತುವುದು. ಪ್ಲಗ್ಗಿನ ತೂತಿನಿಂದ ಪೆಟ್ರೋಲು ಮಂಜಿನಂತೆ ಹೊರಗೆ ಬರುತ್ತದೆ. ವಯರನ್ನು ಹಾಗೇ ನೇತಾಡಲು ಬಿಟ್ಟರೆ ಅದರ ಕಿಡಿಯೇ ಆ ಮಂಜಿಗೆ ಬೆಂಕಿ ಕೊಡುತ್ತದೆ. ಮುಖ ಹತ್ತಿರ ಇಡಬೇಡಿ. ಮತ್ತೆ ಆವಿ ಹೋಗಲು ಬಿಟ್ಟು, ಒಣ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಎದ್ದುಬಿಡುತ್ತದೆ.

ಎಣ್ಣೆಯ ವಿಷಯ. ನಾವು ಪೆಟ್ರೋಲಿಗೇ ಎಣ್ಣೆ ಬೆರೆಸುವುದರಿಂದ ಪ್ರೈಮರಿನಲ್ಲಿ ಬರುವ ಪೆಟ್ರೋಲಿನಲ್ಲೂ ಎಣ್ಣೆ ಇದೆ. ಆಯಿಲ್ ಪಂಪು ಇರುವ ಗಾಡಿಗಳಲ್ಲಿ ಹಾಗಲ್ಲ, ಪ್ರೈಮರ್ ಕೊಡುವುದು ಬರೀ ಪೆಟ್ರೋಲು. ಸ್ಟಾರ್ಟಿಗೆ ಬೇಕಾದ ನಾಲ್ಕು ಒತ್ತಿನಿಂದ ಏನೂ ಆಗುವುದಿಲ್ಲ. ಸುಮ್ನೆ ಒತ್ತುತ್ತಾ ಇದ್ದರೆ ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ.

ಇಚ್ಚನಿಗೆ ಇದರಲ್ಲಿ ಇಷ್ಟವಾದದ್ದು ನಾನು ಯೋಚಿಸದ ಇನ್ನೊಂದು ಉಪಯೋಗ. ಅಳಿವೆಯ ಹತ್ತಿರ ಕಾರ್ಬೊರೇಟರಿನ ಪಂಪು ಕೈಕೊಟ್ಟರೆ? ಸೆಳೆತ ಸಮುದ್ರದ ಕಡೆಗೇ. ಆಗ ಪ್ರೈಮರನ್ನು ಆಗಾಗ ಒತ್ತುತ್ತಾ, ಕಡಿಮೆ ವೇಗದಲ್ಲಿ ಕುಂಟುತ್ತಾ ದಡ ಮುಟ್ಟಬಹುದು. ಅವರೇ ಒಂದು ಸಂಜೆ ಪೆಟ್ರೋಲಿನ ಕಾಕು ಬಂದ್ ಮಾಡಿ ಹಾಗೆ ಓಡಿಸಿ ನೋಡಿದರು. ಕಾಕು ಬಂದ್ ಆದರೂ ನಮ್ಮ ಟೀ ಇರುವುದು ಅದಕ್ಕಿಂತ ಹಿಂದೆ, ಟ್ಯಾಂಕಿನ ಬದಿಯಲ್ಲಿ. ಹಾಗಾಗಿ ಪ್ರೈಮರಿಗೆ ಪೆಟ್ರೋಲು ಸಿಗುತ್ತಲೇ ಇತ್ತು. ರಿಸರ್ವ್ ಪೈಪಿನ ಮೇಲಿದ್ದ ಸಿಟ್ಟು ಅವರಿಗೆ ಆವತ್ತು ಕೊಂಚ ಇಳಿಯಿತು.

ಸಪೂರ ಪೈಪು ಮತ್ತು ಪಂಪಿನೊಳಗಿನ ಓ ರಿಂಗನ್ನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸುವುದೆಂದು ಇಟ್ಟುಕೊಂಡಿದ್ದೇನೆ. ಎಥೆನಾಲ್ ಕೆಲವು ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ಓ ರಿಂಗಿನಿಂದ ಗುಬುಟು ಬಿಗಿಯಾದರೆ ಅದೇ ಮೊದಲ ಸೂಚನೆ.

ಸುದ್ದಿ ಹರಡಿ ಬೇಕಲದ ಕಡೆಯಿಂದಲೂ ಒಬ್ಬರು ಬಂದಿದ್ದರು, ಟ್ರೈಲರಿನಲ್ಲಿ ಹೊಳೆಯುವ ಜೆಟ್‌ಸ್ಕಿ ಹೇರಿಕೊಂಡು. ತಮಗೂ ಚೋಕ್ ತೆಗೆದು ಪ್ರೈಮರ್ ಹಾಕಿಕೊಡಬೇಕಂತೆ. ಸೀಟು ಎತ್ತಿ ನೋಡಿದರೆ ಫೋರ್ ಸ್ಟ್ರೋಕ್, ಫ್ಯೂಯಲ್ ಇಂಜೆಕ್ಷನ್. ಕಾರ್ಬೊರೇಟರೂ ಇಲ್ಲ, ಚೋಕೂ ಇಲ್ಲ. ಬ್ಯಾಟರಿಗೆ ಮೀಟರು ಹಿಡಿದೆ, 12 ವೋಲ್ಟಿಗಿಂತ ಕೆಳಗೆ. ಹೊಸ ಬ್ಯಾಟರಿ ಹಾಕಿಸಿಕೊಂಡು ಹೋದರು.